ಒಂಟಿ ಜೇನು, ಇರುವೆ ಗುರುತಿಸಲು ಕಲಿಯುವುದು ಹೇಗೆ? ನೋಡಿದ್ದನ್ನು ಏನಂತ ಬರೆದಿಡಬೇಕು?

ಹೊಸಕಣ್ಣು:

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಜೇನುನೊಣ, ಇರುವೆಗಳ ಹಿಂದೆ ಬಿದ್ದಿದ್ದೇನೆ. ಅದಕ್ಕೂ ಮುಂಚೆ ನನಗೆ ಗೊತ್ತಿದ್ದದ್ದು ಹೆಜ್ಜೇನು, ತುಡುವೆ, ಕೋಲುಜೇನು, ಅಷ್ಟೇ. ಜೇನು ಅಂದರೆ ಹುಟ್ಟು ಕಟ್ಟಬೇಕು, ತುಪ್ಪ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಗುಲಾಬಿ ಎಲೆಯ ಅಂಚಿನಲ್ಲಿ ಒಂದು ಹುಳ ಕೂತು, ಕತ್ತರಿ ಆಡಿಸಿದ ಹಾಗೆ ಅರ್ಧಚಂದ್ರಾಕಾರಕ್ಕೆ ಎಲೆ ಕತ್ತರಿಸಿ, ಆ ತುಂಡನ್ನು ಹೊಟ್ಟೆಯ ಕೆಳಗೆ ಅಪ್ಪಿಕೊಂಡು ಹಾರಿಹೋಯಿತು. ಅದೂ ಜೇನೇ, ಒಂಟಿಯಾಗಿ ಗೂಡು ಮಾಡುವ ಜೇನು ಅಂತ ಆಮೇಲೆ ಓದಿ ತಿಳಿಯಿತು. ಅವತ್ತಿನಿಂದ ಫೋನು ಹಿಡಿದು ಸುತ್ತುವುದು ನಿಂತಿಲ್ಲ.

ಈಗ 600ಕ್ಕೂ ಜಾಸ್ತಿ ಫೋಟೊ ಇವೆ. ಹೆಸರು ಗೊತ್ತಿರುವುದು ಹತ್ತೋ ಹನ್ನೆರಡೋ. ಒಂದೇ ಹುಳದ ಮೂರು ಫೋಟೊ ಹಾಕಿದರೆ ಐನ್ಯಾಚುರಲಿಸ್ಟ್ ಆ್ಯಪ್ ಮೂರು ಹೆಸರು ಹೇಳುತ್ತದೆ. ಜೇನು ಅಂತ ನಾನು ಹಾಕಿದ ಎರಡನ್ನು ಬೇರೆಯವರು ನೊಣ ಅಂತ ತಿದ್ದಿದರು. ಇರುವೆಗಳಲ್ಲಿ ಕಪ್ಪು ದೊಡ್ಡದು, ಕಪ್ಪು ಸಣ್ಣದು, ಕೆಂಪು ಸಣ್ಣದು ಅನ್ನುವುದನ್ನು ದಾಟಿ ಮುಂದೆ ಹೋಗಲು ಆಗಿಲ್ಲ.

ಇನ್ನೊಂದು ವಿಷಯ. ನಾನು ದಿನಾ ನೋಡುವ ಒಂದು ಹಳೆಯ ಮಣ್ಣಿನ ಗೋಡೆ ಇದೆ. ಅದರಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಜೇನು ಅಲ್ಲಿಗೆ ಬರುತ್ತದೆ. ಅಲ್ಲೇ ಕಪ್ಪು ಮೈ ಮೇಲೆ ನೀಲಿ ಚುಕ್ಕೆ ಇರುವ ಇನ್ನೊಂದು ಕೂಡ ಸುತ್ತುತ್ತಿರುತ್ತದೆ. ಇವೆರಡೂ ಒಂದೇ ಜಾತಿಯ ಗಂಡು ಹೆಣ್ಣಾ?

ಎಲ್ಲಿಂದ ಶುರು ಮಾಡಲಿ, ಪುಸ್ತಕದಲ್ಲಿ ಏನೇನು ಬರೆದಿಡಲಿ, ಹುಳಗಳನ್ನು ಕೊಲ್ಲದೆ ಇದನ್ನು ಕಲಿಯಲು ಆಗುತ್ತದಾ? ದಯವಿಟ್ಟು ಹೇಳಿ.


ಮಣ್ಣುಗೂಡು:

ಮೊದಲು ಆ ಗೋಡೆಯ ವಿಷಯ ಹೇಳಿಬಿಡುತ್ತೇನೆ. ಓದಿದಾಗಿನಿಂದ ಅದೇ ತಲೆಯಲ್ಲಿದೆ.

ಅವು ಗಂಡು ಹೆಣ್ಣಲ್ಲ. ನೀಲಿ ಪಟ್ಟೆಯದು ಅಮೆಜಿಲ್ಲ ಕುಲದ್ದಿರಬೇಕು (ಕುಲ ಅಂದರೆ ಹತ್ತಿರದ ನೆಂಟ ಜಾತಿಗಳ ಗುಂಪು). ಅದು ಗೂಡು ತೋಡಿಕೊಳ್ಳುವ ಜೇನು. ನೀಲಿ ಚುಕ್ಕೆಯದು ನೀವು ಹೇಳಿದ ಹಾಗೇ ಇದ್ದರೆ ಥೈರಿಯಸ್, ಅಂದರೆ ಕೋಗಿಲೆ ಬುದ್ಧಿಯ ಜೇನು. ಅದು ಗೂಡು ಕಟ್ಟುವುದಿಲ್ಲ, ಪರಾಗ ಕೂಡಿಡುವುದಿಲ್ಲ. ಅಮೆಜಿಲ್ಲ ಹೊರಗೆ ಹೋದ ಹೊತ್ತು ನೋಡಿ ಒಳಗೆ ನುಗ್ಗಿ ತನ್ನ ಮೊಟ್ಟೆ ಇಟ್ಟು ಬರುತ್ತದೆ. ಆ ಮೊಟ್ಟೆಯಿಂದ ಬಂದ ಮರಿ, ಮನೆಯವರ ಮೊಟ್ಟೆಯನ್ನೋ ಮರಿಯನ್ನೋ ಮುಗಿಸಿ, ಅದಕ್ಕೆಂದು ಇಟ್ಟಿದ್ದ ಪರಾಗ ತಿಂದು ಬೆಳೆಯುತ್ತದೆ. ಥೈರಿಯಸ್‌ನ ಹಿಂಗಾಲು ನೋಡಿ. ಅಮೆಜಿಲ್ಲ ಹೆಣ್ಣಿನ ಹಿಂಗಾಲಲ್ಲಿ ದಟ್ಟ ಕೂದಲಿನ ಕುಚ್ಚು ಇದ್ದು, ಪರಾಗ ಅಂಟಿ ಹಳದಿಯಾಗಿ ಕಾಣುತ್ತದೆ. ಥೈರಿಯಸ್‌ಗೆ ಅದು ಇರುವುದೇ ಇಲ್ಲ. ಪರಾಗ ಹೊರುವ ಕೆಲಸವೇ ಇಲ್ಲದ ಮೇಲೆ ಯಾಕೆ ಬೇಕು ಅಲ್ವಾ?

ಶುರು ಮಾಡಬೇಕಾದ್ದೂ ಇಲ್ಲಿಂದಲೇ ಅಂತ ನನ್ನ ಅಭಿಪ್ರಾಯ. ಬಣ್ಣ ಬಿಡಿ, ಪರಾಗ ಎಲ್ಲಿ ಹೊತ್ತಿದೆ ನೋಡಿ. ಬಣ್ಣದ ಕೂದಲು ಬಿಸಿಲಿಗೆ ಮಾಸುತ್ತದೆ, ಸವೆದು ಉದುರುತ್ತದೆ. ಆಗ ಹಳೆಯ ಹುಳ ಬೇರೆ ಜಾತಿಯ ಹಾಗೇ ಕಾಣುತ್ತದೆ. ಪರಾಗ ಹೊರುವ ಜಾಗ ಹಾಗೆ ಬದಲಾಗುವುದಿಲ್ಲ. ತುಡುವೆ, ಹೆಜ್ಜೇನುಗಳು ಪರಾಗಕ್ಕೆ ಮಕರಂದ ಬೆರೆಸಿ ಒದ್ದೆ ಮಾಡಿ, ಹಿಂಗಾಲಿನ ನುಣುಪಾದ ಬುಟ್ಟಿಯಲ್ಲಿ ಉಂಡೆ ಕಟ್ಟಿ ತರುತ್ತವೆ. ನೀವು ನೋಡಿದ ಎಲೆ ಕತ್ತರಿಸುವ ಜೇನು ಮೆಗಕೈಲಿ ಕುಲದ್ದು. ಅದು ಒಣ ಪರಾಗವನ್ನು ಹೊಟ್ಟೆಯ ಅಡಿಯ ಕೂದಲಿನಲ್ಲಿ ತುಂಬಿಕೊಳ್ಳುತ್ತದೆ. ಹೂವಿನ ಮೇಲೆ ಹೊಟ್ಟೆ ಸ್ವಲ್ಪ ಮೇಲೆತ್ತಿ ಕೂತ ಜೇನಿನ ಅಡಿಭಾಗ ಹಳದಿಯಾಗಿ ಹೊಳೆದರೆ ಮೆಗಕೈಲಿಯ ಕುಟುಂಬದ್ದು ಅಂತ ಧೈರ್ಯವಾಗಿ ಬರೆಯಬಹುದು. ಒಂದು ಎಚ್ಚರಿಕೆ, ಗಂಡುಗಳು ಪರಾಗ ಹೊರುವುದಿಲ್ಲ. ಹಾಗಾಗಿ ಪರಾಗ ಕಾಣಲಿಲ್ಲ ಅಂದ ಮಾತ್ರಕ್ಕೆ ಕೋಗಿಲೆ ಜೇನು ಅಂತ ತೀರ್ಮಾನಿಸಬೇಡಿ.

ನೊಣಕ್ಕೂ ಜೇನಿಗೂ ಮೋಸ ಹೋಗುವುದು ಎಲ್ಲರಿಗೂ ಆಗುತ್ತದೆ. ಹೂವಿನ ಮುಂದೆ ಗಾಳಿಯಲ್ಲಿ ನಿಂತ ಹಾಗೆ ಹಾರುವ, ಹಳದಿ ಕಪ್ಪು ಪಟ್ಟೆಯ ನೊಣಗಳಿವೆ, ಅವು ಇರುವುದೇ ಜೇನಿನ ವೇಷದಲ್ಲಿ. ಮುಖ ನೋಡಿ. ನೊಣಕ್ಕೆ ದೊಡ್ಡ ಕಣ್ಣು, ಚೋಟು ಮೀಸೆ. ಜೇನಿಗೆ ಉದ್ದನೆಯ ಮೀಸೆ, ತಲೆಯ ಅಕ್ಕಪಕ್ಕದಲ್ಲಿ ಉದ್ದುದ್ದ ಕಣ್ಣು. ನೊಣಕ್ಕೆ ಒಂದೇ ಜೊತೆ ರೆಕ್ಕೆ, ಜೇನಿಗೆ ಎರಡು ಜೊತೆ. ಆದರೆ ಜೇನಿನ ಹಿಂದಿನ ರೆಕ್ಕೆಯಲ್ಲಿ ಸಣ್ಣ ಕೊಕ್ಕೆಗಳಿದ್ದು ಮುಂದಿನದಕ್ಕೆ ಸಿಕ್ಕಿಸಿಕೊಂಡಿರುತ್ತವೆ, ಹಾರುವಾಗ ಎಣಿಸಲು ಹೋದರೆ ಏನೂ ಗೊತ್ತಾಗುವುದಿಲ್ಲ. ಮೀಸೆಯನ್ನೇ ನಂಬಿ.

ಕಣಜದ್ದು ಇನ್ನೂ ಸ್ವಲ್ಪ ಕಷ್ಟ. ಜೇನಿನ ಮೈಕೂದಲು ಕವಲೊಡೆದಿರುತ್ತದೆ, ಕಣಜದ್ದು ಹಾಗಲ್ಲ. ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಬರಿಗಣ್ಣಿಗಾದರೆ, ಹುಳು ಅಥವಾ ಜೇಡ ಹಿಡಿದು ಎಳೆದುಕೊಂಡು ಹೋಗುತ್ತಿದ್ದರೆ ಅದು ಕಣಜ, ಪರಾಗ ಹೊತ್ತಿದ್ದರೆ ಬಹುಪಾಲು ಜೇನು. ಕೂದಲೇ ಇಲ್ಲದ ಹಾಗೆ ನುಣ್ಣಗೆ ಕಾಣುವ ಜೇನುಗಳೂ ಇವೆ. ಒಣ ಕಡ್ಡಿಯ ತಿರುಳು ಕೊರೆದು ಗೂಡು ಮಾಡುವ ಸೆರಾಟಿನ ಅಂಥದ್ದು. ನಾನು ಎರಡು ವರ್ಷ ಅದನ್ನು ಕಣಜ ಅಂತಲೇ ಬರೆದಿಟ್ಟಿದ್ದೆ. ಫೋಟೊ ಉಳಿಸಿಕೊಂಡಿದ್ದರಿಂದ ಎಲ್ಲವನ್ನೂ ತಿದ್ದಲು ಆಯಿತು.


ಆರುಕಾಲು:

ಇರುವೆ ಬಗ್ಗೆ ನಾನು ಹೇಳುತ್ತೇನೆ, ಹದಿನೈದು ವರ್ಷದಿಂದ ಇದೇ ಹುಚ್ಚು.

ಹೊಸಕಣ್ಣು ಅವರೇ, ಕಪ್ಪು ಕೆಂಪು ಅನ್ನುವುದನ್ನು ಇವತ್ತೇ ಬಿಟ್ಟುಬಿಡಿ. ಪಕ್ಕದಿಂದ ಸೊಂಟ ನೋಡಿ. ಇರುವೆಯ ಎದೆಗೂ ದುಂಡು ಹೊಟ್ಟೆಗೂ ನಡುವೆ ಸಣ್ಣ ಗಂಟು ಇರುತ್ತದೆ. ಅದು ಒಂದಾ ಎರಡಾ? ಈ ಒಂದೇ ಪ್ರಶ್ನೆ ನಿಮ್ಮ ಇರುವೆಗಳನ್ನೆಲ್ಲ ಎರಡು ಪಾಲು ಮಾಡಿಬಿಡುತ್ತದೆ. ನಾನು ಮೊದಲ ಸಲ 10 ಪಟ್ಟಿನ ಲೆನ್ಸ್ ಹಿಡಿದು, ಲೆನ್ಸನ್ನು ಕಣ್ಣಿಗೆ ಒತ್ತಿಕೊಂಡು, ಇರುವೆ ಇದ್ದ ಎಲೆಯನ್ನೇ ಹತ್ತಿರ ತಂದು ನೋಡಿದಾಗ ಆ ಎರಡು ಗಂಟುಗಳು ಪೋಣಿಸಿದ ಮಣಿಗಳ ಹಾಗೆ ಕಂಡವು. ಇಷ್ಟು ವರ್ಷ ಕಾಲಡಿಯಲ್ಲೇ ಓಡಾಡುತ್ತಿದ್ದ ಇರುವೆಯನ್ನು ಅವತ್ತೇ ಮೊದಲು ನೋಡಿದ್ದು ಅನ್ನಿಸಿತು.

ಒಂದು ಗಂಟಿದ್ದು, ಬೆನ್ನು ಕುದುರೆಯ ಬೆನ್ನಿನ ಹಾಗೆ ಒಂದೇ ಕಮಾನಿನಲ್ಲಿ ಹೋಗಿದ್ದರೆ ಕ್ಯಾಂಪೊನೋಟಸ್ ಇರಬಹುದು. ನಾವು ಗೊದ್ದ ಅನ್ನುವ ಕಪ್ಪು ದೊಡ್ಡ ಇರುವೆಗಳಲ್ಲಿ ಹಲವು ಈ ಕುಲದವೇ. ಇವಕ್ಕೆ ಕೊಂಡಿ ಇಲ್ಲ, ಕಚ್ಚಿ ಆ ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ. ಎಲೆಗಳನ್ನು ಹೊಲಿದು ಗೂಡು ಮಾಡುವ ಕೆಂಪು ಚಗಳಿಗೂ ಒಂದೇ ಗಂಟು. ಆ ಹೊಲಿಗೆಯ ದಾರ ಬರುವುದು ಅವುಗಳ ಮರಿಗಳಿಂದ. ದೊಡ್ಡ ಇರುವೆಗಳು ಮರಿಗಳನ್ನು ಬಾಯಲ್ಲಿ ಹಿಡಿದು ಎಲೆಯಿಂದ ಎಲೆಗೆ ತಾಗಿಸುತ್ತಾ ಹೋಗುತ್ತವೆ, ಮರಿ ರೇಷ್ಮೆ ಬಿಡುತ್ತದೆ.

ಎರಡು ಗಂಟಿದ್ದು, ಹೊಟ್ಟೆ ಮೇಲಿನಿಂದ ನೋಡಿದರೆ ಹೃದಯದ ಆಕಾರ, ಕೆಣಕಿದರೆ ಹೊಟ್ಟೆಯನ್ನು ತಲೆಯ ಮೇಲಕ್ಕೆ ಮಡಚುತ್ತದೆ ಅಂದರೆ ಕ್ರೆಮಟೋಗ್ಯಾಸ್ಟರ್. ಇದನ್ನು ಒಂದು ಸಲ ಕಂಡವರು ಮರೆಯುವುದಿಲ್ಲ. ಎರಡು ಗಂಟಿದ್ದು, ಸಾಲಿನಲ್ಲಿ ಸಣ್ಣ ಇರುವೆಗಳ ನಡುವೆ ಮೈಗಿಂತ ತಲೆಯೇ ದೊಡ್ಡದು ಅನ್ನುವಂಥ ಕೆಲವು ಇದ್ದರೆ ಫೈಡೋಲ್. ಅವು ಬೇರೆ ಜಾತಿಯಲ್ಲ, ಒಂದೇ ತಾಯಿಯ ಮಕ್ಕಳು. ಹಾಗಾಗಿ ಒಂದು ಇರುವೆಯ ಫೋಟೊ ತೆಗೆದು ನಿಲ್ಲಿಸಬೇಡಿ, ಅದೇ ಸಾಲಿನ ಸಣ್ಣದು ದೊಡ್ಡದು ಎಲ್ಲ ತೆಗೆಯಿರಿ. ಗೊದ್ದಗಳಲ್ಲೂ ಒಂದೇ ಗೂಡಿನಲ್ಲಿ ಅಳತೆ ತುಂಬಾ ಬದಲಾಗುತ್ತದೆ.

ಮೀಸೆಯೂ ಮುಖ್ಯ. ಇರುವೆಯ ಮೀಸೆ ಮೊಣಕೈ ಹಾಗೆ ಮಡಚಿರುತ್ತದೆ. ಗೆದ್ದಲಿನದು ನೇರ, ಮಣಿ ಪೋಣಿಸಿದ ಹಾಗೆ, ಸೊಂಟವೂ ಇಲ್ಲ. ಮಳೆ ಬಂದ ಮೇಲೆ ದೀಪಕ್ಕೆ ಮುತ್ತುವ ರೆಕ್ಕೆಯ ಹುಳಗಳಲ್ಲಿ ನಾಲ್ಕು ರೆಕ್ಕೆಯೂ ಒಂದೇ ಅಳತೆ ಇದ್ದರೆ ಗೆದ್ದಲು, ಮುಂದಿನದು ಹಿಂದಿನದಕ್ಕಿಂತ ದೊಡ್ಡದಿದ್ದರೆ ಇರುವೆ. ಇರುವೆ ಅಂದುಕೊಂಡದ್ದು ಜೇಡವೂ ಆಗಿರಬಹುದು. ಇರುವೆಯ ವೇಷದ ಜೇಡ ಮುಂದಿನ ಎರಡು ಕಾಲನ್ನು ಮೀಸೆಯ ಹಾಗೆ ಎತ್ತಿ ಆಡಿಸುತ್ತಾ ನಡೆಯುತ್ತದೆ. ಕಾಲು ಎಣಿಸಿ.

ಕೊಲ್ಲದೆ ಕಲಿಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಲಿಯಬಹುದು, ಆದರೆ ಕುಲದ ಮಟ್ಟದವರೆಗೆ ಅಂತ ಇಟ್ಟುಕೊಳ್ಳಿ. ಪ್ರಪಂಚದಲ್ಲಿ ಹೆಸರಿಟ್ಟ ಇರುವೆ ಜಾತಿಗಳೇ 14,000ಕ್ಕೂ ಹೆಚ್ಚು, ಜೇನುಗಳು ಸುಮಾರು 20,000. ಅವುಗಳಲ್ಲಿ ಎಷ್ಟೋ ಜಾತಿಗಳನ್ನು ಫೋಟೊ ನೋಡಿ ಯಾರೂ ಹೇಳಲಾರರು, ಎಷ್ಟೇ ಪಳಗಿದವರಾದರೂ ಸರಿ. ಅದಕ್ಕೆ ಮಾದರಿ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡುವವರು ಬೇರೆ ಇದ್ದಾರೆ, ಅವರು ಅನುಮತಿ ಪಡೆದು ಮಾಡುತ್ತಾರೆ. ನಿಮಗೆ ಅದರ ಅಗತ್ಯ ಇಲ್ಲ. ಕಿಟಕಿಯ ಅಂಚಿನಲ್ಲಿ, ಜೇಡರ ಬಲೆಯಲ್ಲಿ ಸತ್ತು ಬಿದ್ದವು ಸಿಗುತ್ತವೆ. ಅವನ್ನು ಒಣ ಡಬ್ಬಿಯಲ್ಲಿಡಿ, ಪಕ್ಕದಲ್ಲೇ ಚೀಟಿ ಇಡಿ. ತಾರೀಕು, ಜಾಗ, ಹೆಕ್ಕಿದವರ ಹೆಸರು. ಚೀಟಿ ಇಲ್ಲದ ಹುಳ ಯಾವ ಸಂಶೋಧಕರಿಗೂ ಉಪಯೋಗಕ್ಕೆ ಬರುವುದಿಲ್ಲ.


ಹೊಸಕಣ್ಣು:

ಇಬ್ಬರಿಗೂ ತುಂಬಾ ಧನ್ಯವಾದ. ಹಳೆಯ ಫೋಟೊಗಳಲ್ಲಿ ಗಂಟು ಹುಡುಕಲು ಹೋದೆ. ಬೇಜಾರಿನ ಸಂಗತಿ, ಮುಕ್ಕಾಲು ಪಾಲು ಇರುವೆಗಳನ್ನು ಮೇಲಿನಿಂದ ತೆಗೆದಿದ್ದೇನೆ, ಸೊಂಟ ಕಾಣುವುದೇ ಇಲ್ಲ. ಓಡುವ ಇರುವೆಯನ್ನು ಪಕ್ಕದಿಂದ ತೆಗೆಯುವುದು ಹೇಗೆ?

ಇನ್ನೊಂದು ಅನುಮಾನ. ಕುಲದ ಹೆಸರು ಮಾತ್ರ ಹಾಕಿದರೆ ದಾಖಲೆ ಅರ್ಧ ಆದ ಹಾಗಲ್ವಾ? ಆ್ಯಪ್ ಜಾತಿಯ ಹೆಸರು ತೋರಿಸುತ್ತಿರುವಾಗ ಅದನ್ನೇ ಒತ್ತಿಬಿಡೋಣ ಅನ್ನಿಸುತ್ತದೆ.


ಬಿಸಿಲುಕೋಲು:

ಫೋಟೊದ್ದಕ್ಕೆ ನಾನು ಹೇಳುತ್ತೇನೆ. ಬಿಳಿ ಕಾಗದದ ಮೇಲೆ ಸಕ್ಕರೆ ನೀರಿನ ಒಂದೇ ಒಂದು ಹನಿ ಇಟ್ಟು ಸಾಲಿನ ಹತ್ತಿರ ಬಿಡಿ, ಪಕ್ಕದಲ್ಲಿ ಸ್ಕೇಲು ಇರಲಿ. ಕುಡಿಯಲು ಶುರು ಮಾಡಿದ ಇರುವೆ ಅಲ್ಲಾಡುವುದಿಲ್ಲ. ಫೋನನ್ನು ಕಾಗದದ ಮಟ್ಟಕ್ಕೆ ಇಳಿಸಿ ತೆಗೆಯಿರಿ. ಪಕ್ಕದಿಂದ ಒಂದು, ಮುಖ ಎದುರಿನಿಂದ ಒಂದು, ಮೇಲಿನಿಂದ ಒಂದು. ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಇದ್ದರೆ ಸಾಕು, ದೊಡ್ಡ ಕ್ಯಾಮೆರಾ ಬೇಕಾಗಿಲ್ಲ.

ಜೇನಿಗಾದರೆ ಬೆಳಗ್ಗೆ ಬೇಗ ಹೋಗಿ, ತಂಪಿನಲ್ಲಿ ಅವು ನಿಧಾನ. ನಿಮ್ಮ ನೆರಳು ಹೂವಿನ ಮೇಲೆ ಬೀಳದಿರಲಿ, ಬಿದ್ದ ತಕ್ಷಣ ಹಾರಿಹೋಗುತ್ತವೆ. ಹಿಂಬಾಲಿಸಬೇಡಿ, ಒಂದು ಹೂವಿನ ಹತ್ತಿರ ಸುಮ್ನೆ ಕೂತುಬಿಡಿ. ರೆಕ್ಕೆ ಬಿಡಿಸಿದ ಫೋಟೊ ಸಿಕ್ಕಿದರೆ ಮಸುಕಾಗಿದ್ದರೂ ಇಟ್ಟುಕೊಳ್ಳಿ. ರೆಕ್ಕೆಯ ನರಗಳ ನಡುವಿನ ಕೋಣೆಗಳನ್ನು ಎಣಿಸಿ ಕುಲ ಹೇಳುವವರಿದ್ದಾರೆ.


ದಿನಚರಿ:

ಕುಲದ ಹೆಸರು ಹಾಕಿದರೆ ಅರ್ಧ ದಾಖಲೆ ಅಂದಿರಲ್ಲ, ಅದಕ್ಕೆ ನಾನು ಪೂರ್ತಿ ವಿರುದ್ಧ. ತಪ್ಪು ಜಾತಿಯ ಹೆಸರಿಗಿಂತ ಸರಿಯಾದ ಕುಲದ ಹೆಸರು ಎಷ್ಟೋ ಮೇಲು. ಆ್ಯಪ್ ತೋರಿಸುವುದು ಬರೀ ಊಹೆ. ಅದು ನಿಮ್ಮ ಫೋಟೊ ನೋಡಿ, ಈಗಾಗಲೇ ಇರುವ ಫೋಟೊಗಳಿಗೆ ಹೋಲಿಸಿ ಹೇಳುತ್ತದೆ. ಯಾರೂ ಫೋಟೊ ತೆಗೆಯದ ಜಾತಿ ನಿಮ್ಮ ಮುಂದೆ ಕೂತಿದ್ದರೆ ಅದರ ಹೆಸರನ್ನು ಅದು ಹೇಳಲಾರದು, ತನಗೆ ಗೊತ್ತಿರುವ ಅದರ ನೆಂಟರ ಹೆಸರು ಹೇಳುತ್ತದೆ. ನೀವು ಅದನ್ನು ಒತ್ತಿದಿರಿ, ಇನ್ನೊಬ್ಬರು ಬಂದು ಸುಮ್ನೆ ಒಪ್ಪಿದರು ಅಂದುಕೊಳ್ಳಿ. ಐನ್ಯಾಚುರಲಿಸ್ಟ್‌ನಲ್ಲಿ ಗುರುತಿಸಿದವರ ಪೈಕಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಜಾತಿ ಅಂದರೆ, ತಾರೀಕು ಜಾಗ ಫೋಟೊ ಸರಿಯಿದ್ದರೆ, ಅದು ಸಂಶೋಧನೆಯ ದರ್ಜೆಗೆ ಏರುತ್ತದೆ. ಇಬ್ಬರೇ ಇದ್ದರೂ ಸಾಕು. ನೀವು ಮುಕ್ತ ಪರವಾನಗಿ ಕೊಟ್ಟಿದ್ದರೆ ಅಲ್ಲಿಂದ ಜಿಬಿಐಎಫ್ ಅನ್ನುವ ಜಾಗತಿಕ ದಾಖಲೆಗೆ ಹೋಗುತ್ತದೆ. ಆಮೇಲೆ ಯಾರೋ ಆ ಜಾತಿ ಎಲ್ಲೆಲ್ಲಿದೆ ಅಂತ ನಕ್ಷೆ ಬರೆಯುವಾಗ ನಿಮ್ಮ ತಪ್ಪೂ ಒಂದು ಚುಕ್ಕೆಯಾಗಿ ಅಲ್ಲಿ ಕೂತಿರುತ್ತದೆ. ಅದಕ್ಕೇ ಎಲ್ಲಿಯವರೆಗೆ ಕಣ್ಣಾರೆ ಗುರುತು ಕಂಡಿದೆಯೋ ಅಲ್ಲಿಗೆ ನಿಲ್ಲಿಸಿ. ಜೇನು ಅಂತ ಮಾತ್ರ ಗೊತ್ತಾದರೆ ಜೇನು ಅಂತಲೇ ಹಾಕಿ, ಅದೂ ದಾಖಲೆಯೇ.

ಪುಸ್ತಕದಲ್ಲಿ ಏನು ಬರೆಯಬೇಕು ಅಂದರೆ, ಫೋಟೊದಲ್ಲಿ ಕಾಣದೇ ಇರುವುದನ್ನು. ತಾರೀಕು, ಜಾಗ ಫೋನೇ ಉಳಿಸಿಕೊಳ್ಳುತ್ತದೆ, ಆದರೂ ಒಮ್ಮೆ ಪರೀಕ್ಷಿಸಿ, ಕೆಲವೊಮ್ಮೆ ಫೋನು ತೋರಿಸುವ ಜಾಗ ಅರ್ಧ ಕಿಲೋಮೀಟರ್ ಆಚೆ ಇರುತ್ತದೆ. ಯಾವ ಗಿಡ, ಆ ಗಿಡದ ಎಲೆ ಹೂ ಎರಡರದ್ದೂ ಬೇರೆ ಫೋಟೊ. ಬಿಸಿಲೋ ಮೋಡವೋ. ಮಕರಂದ ಹೀರುತ್ತಿತ್ತಾ, ಪರಾಗ ಬಾಚುತ್ತಿತ್ತಾ. ಟೊಮೇಟೊ, ಬದನೆ ಹೂವಿನ ಮೇಲೆ ದೊಡ್ಡ ಕಪ್ಪು ದುಂಬಿಯಂಥ ಜೇನು ಕೂತಾಗ ಅದರ ಗುಂಯ್ ಸದ್ದು ಒಮ್ಮೆಲೇ ಬದಲಾಗುತ್ತದೆ, ಕೇಳಿದ್ದೀರಾ? ಅದು ಹೂವನ್ನು ಹಿಡಿದು ಮೈ ನಡುಗಿಸಿ ಪರಾಗ ಉದುರಿಸಿಕೊಳ್ಳುವ ಸದ್ದು. ತುಡುವೆಗೆ ಹಾಗೆ ಮಾಡಲು ಬರುವುದಿಲ್ಲ. ಇಂಥದ್ದು ಫೋಟೊದಲ್ಲಿ ಬರುವುದಿಲ್ಲ, ಬರೆದರೆ ಮಾತ್ರ ಉಳಿಯುತ್ತದೆ.

ವಾರಕ್ಕೊಮ್ಮೆ ಒಂದು ಎಣಿಕೆಯೂ ಮಾಡಿ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಹೂವಿನ ಜಾಗ, 10 ನಿಮಿಷ, ಬಂದು ಕೂತವನ್ನೆಲ್ಲ ಎಣಿಸಿ. ಹೆಸರು ಬೇಡ. ಜೇನು ಇಷ್ಟು, ನೊಣ ಇಷ್ಟು, ಇರುವೆ ಇಷ್ಟು, ಗೊತ್ತಾಗದವು ಇಷ್ಟು. ಒಂದೂ ಬರಲಿಲ್ಲ ಅಂದರೆ ಸೊನ್ನೆ ಅಂತ ಬರೆಯಲೇಬೇಕು. ಸೊನ್ನೆ ಬರೆಯದೇ ಇದ್ದರೆ ನೀವು ಹೋಗಿ ನೋಡಿದಿರೋ, ಹೋಗಲೇ ಇಲ್ಲವೋ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಹೊಸಬರ ದಾಖಲೆಗೆ ಏನು ಬೆಲೆ ಅಂತ ಅನ್ನಿಸಿದರೆ ಒಂದು ಸಂಗತಿ ಹೇಳುತ್ತೇನೆ. ಎಡ್ವರ್ಡ್ ವಿಲ್ಸನ್ ಗೊತ್ತಲ್ಲ, ಇರುವೆಗಳ ದೊಡ್ಡ ವಿಜ್ಞಾನಿ. ಚಿಕ್ಕಂದಿನಲ್ಲಿ ಮೀನು ಹಿಡಿಯುವಾಗ ಆದ ಗಾಯದಿಂದ ಅವರ ಬಲಗಣ್ಣು ಹೋಯಿತು. ದೂರದ ಹಕ್ಕಿ ನೋಡುವುದು ಕಷ್ಟವಾಗಿ, ಹತ್ತಿರ ಹಿಡಿದು ನೋಡಬಹುದಾದ ಸಣ್ಣ ಹುಳಗಳ ಕಡೆ ತಿರುಗಿದರು. 1942ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಅಮೆರಿಕದ ಮೊಬೈಲ್ ಅನ್ನುವ ಬಂದರು ಊರಿನಲ್ಲಿ ಖಾಲಿ ಸೈಟೊಂದರಲ್ಲಿ ಇರುವೆ ಗೂಡುಗಳನ್ನು ಪಟ್ಟಿ ಮಾಡುತ್ತಿದ್ದರು. ಅದರಲ್ಲಿ ಒಂದು, ದಕ್ಷಿಣ ಅಮೆರಿಕದಿಂದ ಬಂದ ಕೆಂಪು ಬೆಂಕಿ ಇರುವೆಯದು. ಆ ದೇಶದಲ್ಲಿ ಅದು ಕಂಡಿದ್ದಕ್ಕೆ ತೀರಾ ಮೊದಮೊದಲ ದಾಖಲೆಗಳಲ್ಲಿ ಅದೂ ಒಂದಾಯಿತು. ಆಮೇಲೆ ಆ ಇರುವೆ ಅಲ್ಲಿನ ದಕ್ಷಿಣ ರಾಜ್ಯಗಳಲ್ಲೆಲ್ಲ ಹಬ್ಬಿತು.


ಹೊಸಕಣ್ಣು:

ಒಂಬತ್ತು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಆ್ಯಪ್‌ನಲ್ಲಿ ಸುಮ್ನೆ ಒತ್ತಿದ್ದ 41 ಹೆಸರು ವಾಪಸ್ ತೆಗೆದು ಕುಲಕ್ಕೋ ಕುಟುಂಬಕ್ಕೋ ಇಳಿಸಿದೆ. ಸಕ್ಕರೆ ಹನಿ ಇಟ್ಟು ಏಳು ಬಗೆಯ ಇರುವೆಗಳ ಸೊಂಟ ನೋಡಿದೆ. ನಾಲ್ಕಕ್ಕೆ ಎರಡು ಗಂಟು, ಮೂರಕ್ಕೆ ಒಂದು. ಕೆಣಕಿದಾಗ ಹೊಟ್ಟೆ ಎತ್ತಿದ್ದು ಸಿಕ್ಕಿತು, ಕೂಗಿಕೊಳ್ಳುವಷ್ಟು ಖುಷಿಯಾಯಿತು.

ಗೋಡೆಯ ಹತ್ತಿರ ಬರೆದದ್ದನ್ನು ಹಾಗೇ ಹಾಕುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಬೆಳಗ್ಗೆ 9.20ರಿಂದ 10. ಬಿಸಿಲು, ಗಾಳಿ ಇಲ್ಲ. ಮಣ್ಣಿನ ಗೋಡೆ, ಪೂರ್ವಕ್ಕೆ ಮುಖ, 17 ತೂತು. ನೀಲಿ ಪಟ್ಟೆ ಜೇನು, ಅಮೆಜಿಲ್ಲ ಇರಬೇಕು, ಕಡಿಮೆ ಅಂದರೆ ಐದು. ಹಿಂಗಾಲಲ್ಲಿ ಬಿಳಿ ಹಳದಿ ಪರಾಗ. ಮೂರನೇ ಸಾಲಿನ ತೂತಿನಿಂದ 9.41ಕ್ಕೆ ಒಂದು ಹೊರಗೆ ಹೋಯಿತು. ನೀಲಿ ಚುಕ್ಕೆಯದು ಗೋಡೆಗೆ ಒಂದು ಗೇಣು ದೂರದಲ್ಲಿ ಹಾರುತ್ತಾ ಒಂದೊಂದೇ ತೂತಿನ ಮುಂದೆ ನಿಂತು ನೋಡಿತು. ಹಿಂಗಾಲಲ್ಲಿ ಪರಾಗ ಇಲ್ಲ, ಕುಚ್ಚೂ ಇಲ್ಲ. 9.43ಕ್ಕೆ ಅದೇ ತೂತಿಗೆ ಹೋಯಿತು. 9.44ಕ್ಕೆ ಹೊರಬಂತು. 9.50ಕ್ಕೆ ನೀಲಿ ಪಟ್ಟೆಯದು ಪರಾಗ ಹೊತ್ತು ಬಂದು ಒಳಗೆ ಹೋಯಿತು. ಥೈರಿಯಸ್ ಮೊಟ್ಟೆ ಇಟ್ಟಿತು.


ಮಣ್ಣುಗೂಡು:

ಓದಿ ಬಹಳ ಸಂತೋಷವಾಯಿತು. ನಿಮಿಷ ಸಮೇತ ಬರೆದಿದ್ದೀರಿ.

ಕೊನೆಯ ಒಂದು ಸಾಲು ಮಾತ್ರ ತಿದ್ದಿ. ಮೊಟ್ಟೆ ಇಟ್ಟಿದ್ದನ್ನು ನೀವು ನೋಡಿಲ್ಲ. ಒಳಗೆ ಹೋಗಿ ಒಂದು ನಿಮಿಷ ಇದ್ದು ಬಂದದ್ದನ್ನು ನೋಡಿದ್ದೀರಿ, ಅಷ್ಟನ್ನೇ ಬರೆಯಿರಿ. ಮೊಟ್ಟೆ ಇಟ್ಟಿರಬಹುದು, ಗೂಡು ಇನ್ನೂ ತಯಾರಿಲ್ಲ ಅಂತ ಸುಮ್ನೆ ವಾಪಸ್ ಬಂದಿರಲೂಬಹುದು. ಅನುಮಾನವನ್ನು ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದಿಡಿ. ನೋಡಲು ತೂತು ಮಾತ್ರ ಅಗೆಯಬೇಡಿ. ಆ ಮೂರನೇ ಸಾಲಿನ ತೂತಿಗೊಂದು ನಂಬರು ಕೊಟ್ಟು ದಿನಾ ನೋಡುತ್ತಾ ಇರಿ, ಮುಂದೆ ಅದರಿಂದ ಪಟ್ಟೆಯದು ಹೊರಬರುತ್ತದಾ ಚುಕ್ಕೆಯದಾ ಅಂತ ಕಾಣಲೂಬಹುದು.

ಆ್ಯಪ್‌ನಲ್ಲಿ ಎರಡು ಹುಳಕ್ಕೂ ಬೇರೆ ಬೇರೆ ದಾಖಲೆ ಹಾಕಿ, ಒಂದರಲ್ಲಿ ಇನ್ನೊಂದರ ಲಿಂಕ್ ಕೊಡಿ.

ಇನ್ನೊಂದು ಕೆಲಸ. ಸಂಜೆ ಕತ್ತಲಾಗುವ ಹೊತ್ತಿಗೆ ಗೋಡೆಯ ಸುತ್ತಲಿನ ಒಣ ಕಡ್ಡಿ, ತೆಳು ಬಳ್ಳಿಗಳನ್ನು ಟಾರ್ಚ್ ಹಿಡಿದು ನೋಡಿ. ಅಮೆಜಿಲ್ಲದ ಗಂಡುಗಳು ಗೂಡಿಗೆ ಹೋಗುವುದಿಲ್ಲ. ಕಡ್ಡಿಯನ್ನು ಬಾಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ಒಂದರ ಪಕ್ಕ ಒಂದು ಹಾಗೇ ನಿದ್ದೆ ಮಾಡುತ್ತವೆ. ಮುಖದ ಫೋಟೊ ತೆಗೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಎಷ್ಟಿದ್ದವು ಎಣಿಸಿ ಇಲ್ಲಿ ಹಾಕಿ.